ಚಂದ್ರಶಾಲೆಯ ಸಂಜೆ ಪಾಠಕ್ಕೆ ಒಂದು ಮನವಿ

ಊರಿನವರಿಗೂ, ಊರು ಬಿಟ್ಟು ಬೆಂಗಳೂರು, ಮುಂಬೈ, ಗೋವಾ ಸೇರಿದ ನಮ್ಮವರಿಗೂ ದೇವಸ್ಥಾನದ ಟ್ರಸ್ಟಿನ ಪರವಾಗಿ ನಮಸ್ಕಾರ.

ಈ ಸಲ ಕೇಳುತ್ತಿರುವುದು ತೇರಿಗಲ್ಲ, ಹಂಚು ಹೊದೆಸುವುದಕ್ಕೂ ಅಲ್ಲ. ನಮ್ಮ ದೇವಸ್ಥಾನದ ಚಂದ್ರಶಾಲೆ ಎಂಬ ಪಡಸಾಲೆಯಲ್ಲಿ ದಿನಾ ಸಂಜೆ ಐದಕ್ಕೆ ಬಂದು ಕೂರುವ 22 ಮಕ್ಕಳಿಗಾಗಿ.

ಅಘನಾಶಿನಿ ದಂಡೆಯ ಈ ಕಡೆ ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಬಂದರೆ ಮೊದಲು ಕರೆತರುವುದು ದೇವಸ್ಥಾನಕ್ಕೇ. ಗಾಳಿ ಸೋಕಿದೆ ಎನ್ನುತ್ತಾರೆ. ಪ್ರಸಾದ ಕೇಳುತ್ತಾರೆ, ತೀರ್ಥ ಒಯ್ಯುತ್ತಾರೆ. ಜೊತೆಗೆ ಒಂದು ಮಗುವೂ ಬಂದಿರುತ್ತದೆ. ಕಂಬಕ್ಕೆ ಒರಗಿ ಸುಮ್ನೆ ನಿಂತಿರುತ್ತದೆ. ಎಷ್ಟೋ ವರ್ಷ ನಾವು ಆ ಮಗುವನ್ನು ನೋಡಿಯೂ ನೋಡಲಿಲ್ಲ. ಈಗ ನೆನೆದರೆ ಸಂಕಟವಾಗುತ್ತದೆ.

ಐದನೇ ಕ್ಲಾಸಿನ ಒಬ್ಬ ಹುಡುಗಿಯ ವಿಷಯ ಹೇಳಬೇಕು. ಅವಳ ಅಜ್ಜಿಯನ್ನು ಕೇಳಿ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇವೆ. 52ರಲ್ಲಿ 27 ಕಳೆಯಬೇಕು. ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದಿಂದ ಸಾಲ ತರಬೇಕು ಎಂದು ಅವಳಿಗೆ ಗೊತ್ತು. ಬಾಯಲ್ಲಿ ಹೇಳುತ್ತಾಳೆ ಕೂಡ. ಹನ್ನೆರಡರಲ್ಲಿ ಏಳು ಹೋದರೆ ಐದು ಎಂದು ಸರಿಯಾಗಿ ಬರೆಯುತ್ತಾಳೆ. ಅಷ್ಟರಲ್ಲಿ ಸಾಲ ತಂದದ್ದೇ ಮರೆತಿರುತ್ತದೆ. ಐದರಲ್ಲಿ ಎರಡು ಕಳೆದು ಮೂರು ಬರೆಯುತ್ತಾಳೆ. ಉತ್ತರ 35. "ಮರ್ತೋಯ್ತು ಅಕ್ಕೋರೆ" ಎಂದು ಪಾಟಿಯನ್ನು ಎದೆಗೆ ಒತ್ತಿಕೊಳ್ಳುತ್ತಾಳೆ.

ಪಾಠ ಹೇಳುವ ಅಕ್ಕೋರು ಮರುದಿನ ಹೊಳೆ ದಂಡೆಯಿಂದ ಒಂದು ಮುಷ್ಟಿ ಚಿಪ್ಪು ತಂದರು. ಸಾಲ ಕೊಟ್ಟ ಅಂಕಿಯ ಮೇಲೆ ಒಂದು ಚಿಪ್ಪು ಇಡು ಎಂದರು. ಅವಳು ನೆನಪಿಟ್ಟುಕೊಳ್ಳಬೇಕಾದ್ದನ್ನು ಚಿಪ್ಪು ನೆನಪಿಟ್ಟುಕೊಂಡಿತು. ಮೂರು ವಾರಕ್ಕೆ ಕಳೆಯುವ ಲೆಕ್ಕ ಕೈಗೆ ಹತ್ತಿತು. ಈಗ ಚಿಪ್ಪು ಬೇಕಾಗುವುದು ಅಪರೂಪ.

ಅವಳ ತಾಯಿಗೆ ಸ್ಕಿಜೋಫ್ರೇನಿಯಾ ಇದೆ, ಇಲ್ಲದ ದನಿ ಕೇಳಿದಂತೆ, ಇಲ್ಲದ್ದು ನಿಜವೆಂದು ಅನಿಸುವಂತೆ ಮಾಡುವ ಮಾನಸಿಕ ಕಾಯಿಲೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಆ ಮಗುವಿನ ಎದುರೇ ಆಡಿದವರಿದ್ದಾರೆ. ಈ ಮಾತಿನಲ್ಲಿ ನಿಜ ಎಷ್ಟು ಎಂದು ನಾವು ಓದಿ, ತಿಳಿದವರನ್ನು ಕೇಳಿ ನೋಡಿದೆವು.

ಈ ಕಾಯಿಲೆ 100 ಜನರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಮಕ್ಕಳಲ್ಲಿ 100ಕ್ಕೆ ಸುಮಾರು 10. ಅಂದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಬರುವುದೇ ಇಲ್ಲ, ಅಲ್ವಾ? ಕಾಯಿಲೆ ತರುವ ಒಂದೇ ಜೀನ್ (ಹೆತ್ತವರಿಂದ ಬರುವ ವಂಶವಾಹಿ) ಅಂತ ಇಲ್ಲ. ನೂರಾರು ಜೀನ್‌ಗಳು ಸೇರಿ, ಒಂದೊಂದೂ ಸ್ವಲ್ಪ ಸ್ವಲ್ಪ ತೂಕ ಹಾಕುತ್ತವೆ.

ಕಾಯಿಲೆ ಬಾರದ ಮಕ್ಕಳಲ್ಲೂ ಕೆಲವರಿಗೆ ಕಲಿಕೆಯ ತೊಡಕು ಇರುತ್ತದೆ. ಡೆನ್ಮಾರ್ಕಿನಲ್ಲಿ 2013ರಲ್ಲಿ ಶುರುವಾದ ಒಂದು ಅಧ್ಯಯನದಲ್ಲಿ ಏಳು ವರ್ಷದ 522 ಮಕ್ಕಳನ್ನು ಪರೀಕ್ಷಿಸಿದರು. ಸ್ಕಿಜೋಫ್ರೇನಿಯಾ ಇರುವವರ ಮಕ್ಕಳು ಗಮನ ಕೊಡುವುದರಲ್ಲಿ, ಚುರುಕಿನಲ್ಲಿ, ಒಂದು ಸಂಗತಿಯನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಇನ್ನೊಂದು ಕೆಲಸ ಮಾಡುವುದರಲ್ಲಿ ಸರಾಸರಿ ಹಿಂದಿದ್ದರು. ನಮ್ಮ ಹುಡುಗಿಯ ಸಾಲದ ಲೆಕ್ಕ ನೋಡಿ, ಅದೇ. ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಕೆಲವು ಕಾಲ ವಿಪರೀತ ಉಬ್ಬಿ ಕೆಲವು ಕಾಲ ತೀರಾ ಕುಗ್ಗುವ ಕಾಯಿಲೆ ಇರುವವರ ಮಕ್ಕಳು ಸರಾಸರಿಯಲ್ಲಿ ಉಳಿದವರ ಹಾಗೇ ಇದ್ದರು. ಹನ್ನೊಂದನೇ ವಯಸ್ಸಿನಲ್ಲಿ ಮತ್ತೆ ನೋಡಿದರು. ಆ ಅಂತರ ಹೆಚ್ಚಾಗಿರಲಿಲ್ಲ, ತಾನಾಗಿ ಮುಚ್ಚಿಯೂ ಇರಲಿಲ್ಲ. ಈ ಮಕ್ಕಳೂ ಉಳಿದವರಷ್ಟೇ ವೇಗದಲ್ಲಿ ಬೆಳೆಯುತ್ತಾರೆ, ಹೊರಟ ಜಾಗ ಮಾತ್ರ ಸ್ವಲ್ಪ ಹಿಂದೆ. ನಮಗೆ ಇದು ದೊಡ್ಡ ಧೈರ್ಯ ಕೊಟ್ಟಿತು.

ಇನ್ನು ಮನೆಯ ಮಾತು. ತಾಯಿ ಮಾತ್ರೆ ಬಿಟ್ಟ ವಾರ ಈ ಹುಡುಗಿಗೆ ರಾತ್ರಿ ನಿದ್ದೆ ಇರುವುದಿಲ್ಲ. ಬೆಳಿಗ್ಗೆ ಗಂಜಿ ಬೇಯಿಸಿ, ತಮ್ಮನನ್ನು ಅಂಗನವಾಡಿಗೆ ಬಿಟ್ಟು ಶಾಲೆಗೆ ಬರುತ್ತಾಳೆ. ಹೀಗಿದ್ದರೆ ಯಾವ ಮಗುವಿಗೆ ತಾನೇ ಲೆಕ್ಕ ನೆನಪಿರುತ್ತದೆ? ತಾಯಿಯದೂ ತಪ್ಪಲ್ಲ. ಆಕೆ ಚೆನ್ನಾಗಿದ್ದ ದಿನ ಮಗಳ ತಲೆ ಬಾಚಿ, ಅಬ್ಬಲಿಗೆ ಮುಡಿಸಿ ಕಳಿಸುತ್ತಾರೆ. ಆ ಸಂಜೆ ಹುಡುಗಿಯ ಮುಖ ನೋಡಬೇಕು. ಹುಟ್ಟಿನಿಂದ ಬಂದದ್ದನ್ನು ಬದಲಿಸಲು ನಮ್ಮಿಂದ ಆಗುವುದಿಲ್ಲ. ಆ ಮನೆಗೆ ಒಂದಿಷ್ಟು ಹೆಗಲು ಕೊಡಲು ಆಗುತ್ತದೆ.

ಸಂಜೆ ಪಾಠಕ್ಕೆ ಯಾವ ಮಗುವಾದರೂ ಬರಬಹುದು. ಇದನ್ನು ಬೇಕೆಂದೇ ಹೀಗಿಟ್ಟಿದ್ದೇವೆ. ಕಾಯಿಲೆಯವರ ಮಕ್ಕಳಿಗೆ ಅಂತಲೇ ಬೋರ್ಡು ಹಾಕಿದ್ದರೆ ಒಬ್ಬರೂ ಮೆಟ್ಟಿಲು ಹತ್ತುತ್ತಿರಲಿಲ್ಲ. ಇಬ್ಬರು ಅಕ್ಕೋರು ಇದ್ದಾರೆ. ಬಂದ ಕೂಡಲೇ ಅವಲಕ್ಕಿ, ಬಾಳೆಹಣ್ಣು. ಆಮೇಲೆ ಒಂದೊಂದೇ ಹೆಜ್ಜೆಯಾಗಿ ಲೆಕ್ಕ, ಓದು, ಕಥೆ.

ದೊಡ್ಡವರಿಗೆ ಈಗ ಪ್ರಸಾದದ ಜೊತೆ ಡಾಕ್ಟರ ವಿಷಯವನ್ನೂ ಹೇಳುತ್ತೇವೆ. ಮಂಗಳವಾರ ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆ ನೋಡುವ ಮನೋಚೈತನ್ಯ ಕ್ಲಿನಿಕ್ಕಿಗೆ ನಮ್ಮವರೊಬ್ಬರು ಜೊತೆಗೆ ಹೋಗುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಗಂಟೆ ಪಕ್ಕದ ಗೋಡೆಗೆ ಬರೆಸಿದ್ದೇವೆ. ಅದಕ್ಕೆ ಫೋನ್ ಮಾಡಲು ದುಡ್ಡು ಬೇಡ. ಆದರೆ ಕ್ಲಿನಿಕ್ಕಿಗೆ ಹೋಗಲು ಬಸ್ ಚಾರ್ಜು ಬೇಕು, ಒಂದು ದಿನದ ಕೂಲಿಯೂ ಹೋಗುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ದಡ ಸೇರಿದ ಮೇಲೆ ಮೀನಿನ ಕೆಲಸ ನಂಬಿದ ಮನೆಗಳಲ್ಲಿ ಅಷ್ಟೂ ಇರುವುದಿಲ್ಲ. ಮಾತ್ರೆ ತಪ್ಪುವುದು ಆಗಲೇ ಜಾಸ್ತಿ. ಶಾಲೆ ಶುರುವಾಗುವುದೂ ಆಗಲೇ.

ಒಂದು ಮಗುವಿಗೆ ತಿಂಗಳಿಗೆ 600 ರೂಪಾಯಿ ಖರ್ಚು ಬರುತ್ತದೆ. ಅಕ್ಕೋರ ಗೌರವಧನ, ತಿಂಡಿ, ಪುಸ್ತಕ ಎಲ್ಲ ಅದರಲ್ಲೇ. ಬಸ್ ಚಾರ್ಜಿನ ಹಣ ಬೇರೆ ಡಬ್ಬಿಯಲ್ಲಿದೆ, ಹತ್ತು ರೂಪಾಯಿ ಹಾಕಿದರೂ ಸಂತೋಷ. ಒಂದು ತಿಂಗಳು ಕೊಡಿ, ಒಂದು ವರ್ಷ ಕೊಡಿ, ಅಥವಾ ಒಂದು ಮೂಟೆ ಅವಲಕ್ಕಿ ಕಳಿಸಿ. ರಸೀದಿ ಕೊಡುತ್ತೇವೆ. ತಿಂಗಳ ಖರ್ಚು ಚಂದ್ರಶಾಲೆಯ ಬೋರ್ಡಿನಲ್ಲಿ ಇರುತ್ತದೆ. 80ಜಿ ನೋಂದಣಿ ಇನ್ನೂ ಆಗಿಲ್ಲ, ಹಾಗಾಗಿ ಈ ವರ್ಷ ತೆರಿಗೆ ರಿಯಾಯಿತಿ ಸಿಗುವುದಿಲ್ಲ.

ಮಕ್ಕಳ ಫೋಟೋ ಕಳಿಸುವ ಪದ್ಧತಿ ಇಟ್ಟುಕೊಂಡಿಲ್ಲ. ನೋಡಬೇಕೆಂದರೆ ಸಂಜೆ ಐದರಿಂದ ಏಳರೊಳಗೆ ಬನ್ನಿ, ಜೊತೆಗೆ ಕೂತು ಅವಲಕ್ಕಿ ತಿನ್ನಿ, ಒಂದು ಕಥೆ ಹೇಳಿ. ಯಾರ ಮನೆಯ ಮಗು ಯಾವುದು ಎಂದು ಮಾತ್ರ ದಯವಿಟ್ಟು ಕೇಳಬೇಡಿ.