ಶನಿವಾರದ ಸಹಭೋಜನ: ಡಿಪ್ ಮತ್ತು ಕೇಕ್ ತರುವವರಿಗೆ

ಎಲ್ಲರಿಗೂ ನಮಸ್ಕಾರ. ಅದ್ದಿಕೊಂಡು ತಿನ್ನುವ ಡಿಪ್‌ಗೂ ಕೇಕಿಗೂ ಬೇಕಾದ ಸೌರ್ ಕ್ರೀಮ್ (ಹುಳಿ ಬರಿಸಿದ ಗಟ್ಟಿ ಕೆನೆ) ಕೊಳ್ಳುವಾಗ ಡಬ್ಬಿಯ ಹಿಂಬದಿಯನ್ನು ಒಮ್ಮೆ ಓದಿ. ಕೆಲವು ಬ್ರ್ಯಾಂಡ್‌ಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ ಇರುತ್ತದೆ, ನಮ್ಮಲ್ಲಿ ಅರ್ಧ ಜನ ಅದನ್ನು ಮುಟ್ಟುವುದಿಲ್ಲ. ‘ಲೈಟ್’ ಎಂದು ಬರೆದದ್ದು ಬೇಡ. ಇಲ್ಲಿ ಅಮೆರಿಕದಲ್ಲಿ ಅಸಲಿ ಸೌರ್ ಕ್ರೀಮಿನಲ್ಲಿ ಕನಿಷ್ಠ ಶೇ. 18ರಷ್ಟು ಹಾಲಿನ ಕೊಬ್ಬು ಇರಲೇಬೇಕು, ರುಚಿ ಇರುವುದೂ ಅದರಲ್ಲೇ.

ಸೌರ್ ಕ್ರೀಮಿಗೆ ಈರುಳ್ಳಿ ಸೂಪ್ ಪುಡಿ ಕಲಸಿ ಈರುಳ್ಳಿ ಡಿಪ್ ಮಾಡುವುದು 1954ರಿಂದ ಲಾಸ್ ಏಂಜಲೀಸ್ ಕಲಿಸಿದ ಸುಲಭದ ದಾರಿ. ನನ್ನ ನಾಲಿಗೆಗೆ ಅದು ಬರೀ ಉಪ್ಪು. ಎರಡು ದೊಡ್ಡ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಾಡಿಸಿ, ಕಂದು ಬಣ್ಣಕ್ಕೆ ಬಂದು ಪೂರ್ತಿ ಆರಿದ ಮೇಲೆಯೇ ಕ್ರೀಮಿಗೆ ಸೇರಿಸಿ. ಬಿಸಿಯಲ್ಲೇ ಹಾಕಿದರೆ ನೀರಾಗುತ್ತದೆ. ಕಳೆದ ಬಾರಿ ನಾನು ತಂದದ್ದು ಡಿಪ್ ಅಲ್ಲ, ಮಜ್ಜಿಗೆ! ಹಿಂದಿನ ರಾತ್ರಿಯೇ ಮಾಡಿ ಫ್ರಿಜ್‌ನಲ್ಲಿಟ್ಟರೆ ಒಳ್ಳೆಯದು.

ಕೇಕಿಗೆ ಅಡುಗೆ ಸೋಡಾ ಮರೆಯಬೇಡಿ, ಕ್ರೀಮಿನ ಹುಳಿಯೊಡನೆ ಸೇರಿ ಹಿಟ್ಟನ್ನು ಉಬ್ಬಿಸುವುದು ಅದೇ. ಕ್ರೀಮಿನ ಬದಲು ಮೊಸರು ನಡೆಯುತ್ತದೆಯೇ ಎಂದು ಕೇಳಿದವರಿಗೆ: ಕೇಕಿಗೆ ಧಾರಾಳವಾಗಿ, ಡಿಪ್‌ಗೆ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ್ದರೆ ಮಾತ್ರ. ಮೊಟ್ಟೆ ಹಾಕಿದ್ದರೆ ಚೀಟಿ ಅಂಟಿಸಿ. ಡಿಪ್ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಐಸ್ ನಾನು ತರುತ್ತೇನೆ.