ಸುಳಿವನ್ನು ಎಲ್ಲಿಡಬೇಕು?

ಪ್ರೀತಿಯ ತಂಗಿ,

ನಿನ್ನ ಪತ್ತೇದಾರಿ ಕಥೆ ಓದಿದೆ. ಮನೆ, ಮಳೆ, ಅತ್ತೆ ಸೊಸೆಯರ ಮಾತು ಎಲ್ಲವೂ ಚೆನ್ನಾಗಿ ಬಂದಿವೆ. ಆದರೆ ಮೊಳೆಗೆ ತೂಗುಹಾಕಿದ ಬೀಗದ ಕೈಗೆ ನೀನು ಇಡೀ ಒಂದು ಪ್ಯಾರಾ ಕೊಟ್ಟಿದ್ದೀಯ. ಗುಟ್ಟು ಅಲ್ಲೇ ಬಯಲಾಯಿತು. ಇದಕ್ಕೆ ಮದ್ದು ಈಚೆಗೆ ನನ್ನ ನಿದ್ದೆಗೆಡಿಸಿದ ಪುಸ್ತಕಗಳಲ್ಲೇ ಇದೆ.

ಮೊದಲನೆಯದು ವಿಲ್ಕಿ ಕಾಲಿನ್ಸ್ 1868ರಲ್ಲಿ ಪ್ರಕಟಿಸಿದ ‘ದಿ ಮೂನ್‌ಸ್ಟೋನ್’. ಕಥೆ ಶುರುವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರಲ್ಲಿ ಕೋಟೆ ಬಿದ್ದ ದಿನ ಇಂಗ್ಲಿಷ್ ಅಧಿಕಾರಿಯೊಬ್ಬ ಟಿಪ್ಪುವಿನ ಶಸ್ತ್ರಾಗಾರದಿಂದ ವಜ್ರವೊಂದನ್ನು ದೋಚುತ್ತಾನೆ. ಎಷ್ಟೋ ವರ್ಷಗಳ ಮೇಲೆ ಅದು ಯಾರ್ಕ್‌ಷೈರಿನ ಮನೆಯೊಂದರಲ್ಲಿ ರಾತ್ರೋರಾತ್ರಿ ಮಾಯವಾಗುತ್ತದೆ. ಆ ಭಾಗವನ್ನು ಹೇಳುವವನು ಬೆಟರೆಜ್ ಎಂಬ ಹಳೆಯ ಮನೆವಾರ್ತೆಗಾರ. ಯಾವ ಕಷ್ಟ ಬಂದರೂ ‘ರಾಬಿನ್ಸನ್ ಕ್ರೂಸೋ’ ತೆರೆದು ದಾರಿ ಹುಡುಕುವ ಮುದುಕ. ಹುಟ್ಟುಹಬ್ಬದ ಊಟ ಹೇಗೆ ಕೆಟ್ಟಿತು, ಅತಿಥಿಗಳು ಹೇಗೆ ಆಡಬಾರದ ಮಾತಾಡಿದರು ಎಂದು ಅವನು ನೊಂದುಕೊಂಡು ವಿವರಿಸುತ್ತಾನೆ. ಅವನ ಜೊತೆ ಮರುಗುತ್ತಾ ಪುಟ ತಿರುವಿದೆ. ಒಗಟು ಬಿಡಿಸುವ ಸಂಗತಿ ಆ ಊಟದ ಮೇಜಿನ ಮೇಲೆಯೇ ಇತ್ತು! ಯಾವುದೆಂದು ಹೇಳಲಾರೆ, ಆ ಸುಖ ನಿನಗೂ ಸಿಗಬೇಕು.

ಇನ್ನೊಂದು, ಜಪಾನಿನ ಕೈಗೊ ಹಿಗಾಶಿನೊ ಬರೆದ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’. ಕೊಲೆ ಯಾರಿಂದ ಆಯಿತೆಂಬುದು ಆರಂಭದಲ್ಲೇ ಗೊತ್ತಾಗುತ್ತದೆ, ಆದರೂ ಪುಸ್ತಕ ಕೆಳಗಿಡಲಾಗಲಿಲ್ಲ. ಗಣಿತದ ಮೇಷ್ಟರು ಇಶಿಗಾಮಿ ಬೆಳಗ್ಗೆ ಟೋಕಿಯೋದ ನದಿಯಂಚಿನಲ್ಲಿ ನಡೆದು, ದಾರಿಯಲ್ಲಿ ಬುತ್ತಿಯ ಅಂಗಡಿ ಹೊಕ್ಕು, ಶಾಲೆಗೆ ಹೋಗುತ್ತಾರೆ. ಒಂಟಿ ಮನುಷ್ಯನೊಬ್ಬನ ದಿನಚರಿ ಎಂದೇ ಓದಿದ್ದೆ. ಕೊನೆ ಮುಟ್ಟಿ ಆ ಪುಟಗಳಿಗೆ ಮರಳಿದಾಗ ಮೈ ಜುಮ್ಮೆಂದಿತು.

ಇಬ್ಬರೂ ಸುಳಿವಿಗೆ ಬೇರೊಂದು ಕೆಲಸ ಕೊಟ್ಟಿದ್ದಾರೆ, ನೋಡು. ಅಲ್ಲಿ ಅದು ಮುದುಕನ ಮುಜುಗರವನ್ನು ಹೇಳುತ್ತದೆ, ಇಲ್ಲಿ ಮೇಷ್ಟರ ಒಂಟಿತನವನ್ನು. ನಮ್ಮ ಮನಸ್ಸು ಆ ಮನುಷ್ಯರ ಹಿಂದೆ ಹೋಗಿರುತ್ತದೆ, ಸುಳಿವು ಕಣ್ಣೆದುರೇ ದಾಟಿಬಿಡುತ್ತದೆ. ನಿನ್ನ ಬೀಗದ ಕೈಯನ್ನೂ ಹೀಗೆ ದುಡಿಸು. ಅದನ್ನು ಅಲ್ಲೇಕೆ ನೇತುಹಾಕಿದೆ ಎಂದು ನೆಂಟರೆದುರು ಅತ್ತೆ ಸೊಸೆಯನ್ನು ಗದರಲಿ. ಸೊಸೆಯ ಅವಮಾನವಷ್ಟೇ ಓದುವವರಿಗೆ ತಟ್ಟಿದರೆ ಸಾಕು.

ತೇಜಸ್ವಿಯವರ ‘ಜುಗಾರಿ ಕ್ರಾಸ್’ ಅನ್ನೂ ಮತ್ತೆ ಓದಿದೆ. ಅಲ್ಲಿ ಭಯ ಹುಟ್ಟುವುದು ಯಾಲಕ್ಕಿ ವ್ಯಾಪಾರ, ಘಟ್ಟದ ಕಾಡು, ಕಳ್ಳಸಾಗಣೆ ಇವೆಲ್ಲ ಲೇಖಕರಿಗೆ ಒಳಗಿನಿಂದ ಗೊತ್ತಿರುವುದರಿಂದ. ನಿನಗೆ ಅಡಿಕೆ ಮಂಡಿಯ ಲೆಕ್ಕಾಚಾರ ಚೆನ್ನಾಗಿ ಗೊತ್ತು. ನಿನ್ನ ಕಥೆಯಲ್ಲಿ ಅದರ ಸುದ್ದಿಯೇ ಇಲ್ಲವಲ್ಲ! ವಿಷದ ಸೀಸೆಯನ್ನು ಬಿಟ್ಟು ಆ ಲೆಕ್ಕದ ಪುಸ್ತಕ ತೆರೆ.

ತಿದ್ದಿದ ಪ್ರತಿಯನ್ನು ಕೊನೆಯ ಅಧ್ಯಾಯ ಬಿಟ್ಟು ಕಳಿಸು. ಯಾರ ಮೇಲೆ, ಯಾಕೆ ಅನುಮಾನ ಬಂತೆಂದು ಬರೆಯುತ್ತೇನೆ. ಆಮೇಲೆ ಉಳಿದದ್ದನ್ನು ಕಳಿಸುವೆಯಂತೆ.

ನಿನ್ನ ಅಣ್ಣ