ಗಾಳಿ ಚೆಕ್ ಇನ್ಮೇಲೆ ಬೆಳಿಗ್ಗೆ ಹೊತ್ತು, ಅದೂ ಫ್ರೀ

ನಮ್ಮ ಗ್ಯಾರೇಜಿಗೆ ಬರೋ ಎಲ್ರಿಗೂ ನಮಸ್ಕಾರ,

ಮುಂದಿನ ತಿಂಗಳು ಒಂದನೇ ತಾರೀಖಿಂದ ಟೈರಿಗೆ ಗಾಳಿ ನೋಡೋದು ಬೆಳಿಗ್ಗೆ 7ರಿಂದ 9.30ರ ತನಕ ಮಾತ್ರ, ದುಡ್ಡು ತಗೊಳಲ್ಲ. ಜೊತೆಗೆ ಸರ್ವಿಸ್ ಪ್ಯಾಕೇಜಲ್ಲಿದ್ದ ಮೈಲೇಜ್ ಅಡಿಟಿವ್ (ಮೈಲೇಜ್ ಜಾಸ್ತಿ ಆಗ್ಲಿ ಅಂತ ಪೆಟ್ರೋಲಿಗೆ ಬೆರೆಸೋ ದ್ರವ) ಬಾಟಲಿ ತೆಗೆದಿದೀವಿ, ಬಿಲ್ಲೂ ಅಷ್ಟು ಕಮ್ಮಿ ಆಗುತ್ತೆ.

ಬೆಳಿಗ್ಗೇನೇ ಯಾಕೆ ಅಂತ ತುಂಬಾ ಜನ ಕೇಳಿದ್ರಿ. ಗಾಡಿ ಓಡಿದ್ರೆ ಟೈರ್ ಬಿಸಿಯಾಗಿ ಒಳಗಿನ ಪ್ರೆಷರ್ ಏರುತ್ತೆ, ಮೂರು ನಾಲ್ಕು ಪಿಎಸ್‌ಐ (ಗಾಳಿ ಒತ್ತಡ ಅಳೆಯೋ ಲೆಕ್ಕ) ಜಾಸ್ತಿ ತೋರ್ಸುತ್ತೆ, ಮಧ್ಯಾಹ್ನ ಬಂದು 33 ಇದೆ ಸರಿಯಾಗಿದೆ ಅಂತ ಹೋದ್ರೆ ಮಾರನೇ ದಿನ ಬೆಳಿಗ್ಗೆ ಅದೇ ಟೈರಲ್ಲಿ 29 ಇರುತ್ತೆ. ಡ್ರೈವರ್ ಡೋರ್ ತೆಗೆದಾಗ ಕಾಣೋ ಸ್ಟಿಕ್ಕರಲ್ಲಿ ಕಂಪನಿಯೋರು ಬರ್ದಿರೋ ನಂಬರ್ ತಣ್ಣಗಿರೋ ಟೈರಿಗೆ. ಟೈರ್ ಮೇಲೇ ಅಚ್ಚಾಗಿರೋ ದೊಡ್ಡ ನಂಬರ್ ಇದ್ಯಲ್ಲ, ಅದು ಆ ಟೈರ್ ತಡ್ಕೊಳೋ ಮ್ಯಾಕ್ಸಿಮಮ್ಮು, ದಯವಿಟ್ಟು ಅದನ್ನ ನೋಡಿ ಗಾಳಿ ಹಾಕಿಸ್ಬೇಡಿ.

ಇದ್ರಿಂದ ಪೆಟ್ರೋಲ್ ಭಾರೀ ಉಳಿಯುತ್ತೆ ಅಂತ ನಾವು ಹೇಳಲ್ಲ. ನಾಲ್ಕೂ ಟೈರಲ್ಲಿ ಒಂದೊಂದು ಪಿಎಸ್‌ಐ ಕಮ್ಮಿಯಾದ್ರೆ ಮೈಲೇಜ್ ಬೀಳೋದು ಸುಮಾರು 0.2 ಪರ್ಸೆಂಟ್ ಅಷ್ಟೇ. ಆದ್ರೆ ಗಾಳಿ ಕಮ್ಮಿ ಇರೋ ಟೈರು ಎರಡೂ ಅಂಚಲ್ಲಿ ಬೇಗ ಸವೆಯುತ್ತೆ, ಹೈವೇಲಿ ಜಾಸ್ತಿ ಬಿಸಿಯಾಗಿ ಬರ್ಸ್ಟ್ ಆಗೋ ಭಯ ಬೇರೆ, ಬೇಸಿಗೇಲಿ ಲಗೇಜ್ ತುಂಬ್ಕೊಂಡು ಶಿರಾಡಿ ಘಾಟಿ ಇಳಿಯೋರು ಇದನ್ನ ಸೀರಿಯಸ್ ಆಗಿ ತಗೊಳ್ಳಿ. ಸ್ಟೆಪ್ನಿನೂ ನೋಡ್ಕೊಡ್ತೀವಿ, ಅದನ್ನ ಯಾರೂ ನೆನಪಿಟ್ಕೊಳಲ್ಲ.

ಅಡಿಟಿವ್ ವಿಷಯ. ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ ಇಪಿಎ ಇಂಥ ಮೈಲೇಜ್ ಐಟಮ್‌ಗಳನ್ನ ವರ್ಷಗಟ್ಟಲೆ ಟೆಸ್ಟ್ ಮಾಡಿದೆ, ಹೆಚ್ಚಿನವಕ್ಕೆ ಹೇಳ್ಕೊಳೋ ಪ್ರಯೋಜನ ಸಿಕ್ಕಿಲ್ಲ. ನಮ್ಮ ಗ್ರಾಹಕರ ಗಾಡೀಲೂ ವ್ಯತ್ಯಾಸ ಕಾಣ್ಲಿಲ್ಲ, ಅಂಥದ್ದಕ್ಕೆ ದುಡ್ಡು ತಗೊಳೋದು ಸರಿ ಅನ್ನಿಸ್ಲಿಲ್ಲ. ಏರ್ ಫಿಲ್ಟರ್ ಕೂಡ ಅಷ್ಟೇ, ಕಾರ್ಬುರೇಟರ್ ಇದ್ದ ಹಳೇ ಗಾಡಿಗಳಲ್ಲಿ ಫಿಲ್ಟರ್ ಕಟ್ಕೊಂಡ್ರೆ ಪೆಟ್ರೋಲ್ ಜಾಸ್ತಿ ಕುಡೀತಿತ್ತು, ಈಗಿನ ಇಂಜೆಕ್ಷನ್ ಗಾಡೀಲಿ ಹೋಗೋದು ಪಿಕಪ್ಪು, ಮೈಲೇಜ್ ಅಷ್ಟಾಗಿ ಬೀಳಲ್ಲ. ಹಾಗಾಗಿ ನಿಮಗೆ ತೋರಿಸಿ, ಕೆಟ್ಟಿದ್ರೆ ಮಾತ್ರ ಹೊಸದು ಹಾಕ್ತೀವಿ.

ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿರೋ ಪೆಟ್ರೋಲ್) ಬಂದ್ಮೇಲೆ ಮೈಲೇಜ್ ಬಿತ್ತು ಅನ್ನೋ ಕಂಪ್ಲೇಂಟ್ ದಿನಾ ಬರ್ತಿದೆ. ನಿಜ, ಎಥನಾಲಲ್ಲಿರೋ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಭಾಗದಷ್ಟೇ. ಆದ್ರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿಟ್ಟು ಒಳಗೆ ಹೋಗಿ ತಿಂಡಿ ತಿಂದು ಬರೋ ಅಭ್ಯಾಸ ಇದ್ರೆ ಅದನ್ನ ಮೊದ್ಲು ಬಿಡಿ, ಇಂಜೆಕ್ಷನ್ ಗಾಡಿಗೆ ಅರ್ಧ ನಿಮಿಷ ಸಾಕು, ಆಮೇಲೆ ನಿಧಾನಕ್ಕೆ ಓಡಿಸ್ತಾನೇ ಇಂಜಿನ್ ಬಿಸಿಯಾಗುತ್ತೆ. ಎನ್.ಆರ್. ಸರ್ಕಲ್ ಸಿಗ್ನಲಲ್ಲಿ ಕೆಂಪು ದೀಪ ಆಗತಾನೆ ಬಿದ್ದಿದ್ರೆ ಆಫ್ ಮಾಡಿ.

ಸಕಲೇಶಪುರ, ಅರಸೀಕೆರೆ ಕಡೆಯಿಂದ ಬರೋರು ಗಾಡಿ ನಮ್ಮಲ್ಲಿ ಬಿಟ್ಟು ಹಾಸನದ ಕೆಲಸ ಮುಗಿಸ್ಕೊಂಡು ಬನ್ನಿ, ಮೂರು ಗಂಟೆ ನಿಂತಿದ್ರೆ ಟೈರ್ ತಣ್ಣಗಾಗುತ್ತೆ, ಅಂಥ ಗಾಡಿಗೆ ಸಂಜೆಯಾದ್ರೂ ನೋಡ್ಕೊಡ್ತೀವಿ. ಭಾನುವಾರ ಎಂದಿನ ಹಾಗೆ ರಜೆ.